ಅಣ್ಣನ ತಪಾಸಣೆ

ನಮ್ಮಣ್ಣನ ಎದುರು ಒಂದು ಸಲ ಸೀನುವುದಕ್ಕಿಂತ ಇಮಿಗ್ರೇಷನ್ ಕೌಂಟರಿನಲ್ಲಿ ನಿಂತು ಪಾಸ್‌ಪೋರ್ಟ್ ಕಳೆದುಹೋಗಿದೆ ಎಂದು ಹೇಳುವುದು ಸುಲಭ. ಅಲ್ಲಿ ಕೇಳುವ ಪ್ರಶ್ನೆಗಳಿಗೆ ಒಂದು ಕೊನೆಯಾದರೂ ಇರುತ್ತದೆ.

ಅಣ್ಣ ಎಂದರೆ ನಮ್ಮ ದೊಡ್ಡಮ್ಮನ ಮಗ. ಈ ಪರದೇಶದಲ್ಲಿ, ಸೆಲೆಟಾರ್ ಏರ್‌ಪೋರ್ಟಿನಲ್ಲಿ ವಿಮಾನ ರಿಪೇರಿಯ ಇಂಜಿನಿಯರ್. ಹೌಗಾಂಗಿನ ನಮ್ಮದೇ ಬ್ಲಾಕಿನಲ್ಲಿ, ನಮಗಿಂತ ಐದು ಮಹಡಿ ಕೆಳಗೆ ಒಬ್ಬನೇ ಇದ್ದ. ಅತ್ತಿಗೆ ಮತ್ತು ಮಗಳು ಮೈಸೂರಿನಲ್ಲಿದ್ದರು.

ಹಗಲೆಲ್ಲ ವಿಮಾನ ನೋಡಿ ಬಂದವನು ಸಂಜೆ ನಮ್ಮ ಮೂರು ವರ್ಷದ ಮಗ ಚಿಂಟುವನ್ನು ನೋಡುತ್ತಿದ್ದ. ಅದೂ ಎಂಥ ನೋಟ ಅಂತೀರಿ! ಜೇಬಿನಿಂದ ಪುಟ್ಟ ಟಾರ್ಚ್ ತೆಗೆದು ಗಂಟಲು, ಕಿವಿ, ಅಂಗೈ, ಅಂಗಾಲು, ಒಂದೂ ಬಿಡುತ್ತಿರಲಿಲ್ಲ. ಚೈಲ್ಡ್‌ಕೇರಿನ ಗೇಟಿನಲ್ಲಿ ಟೀಚರ್ ದಿನಾ ಇಷ್ಟನ್ನೂ ನೋಡಿಯೇ ಮಕ್ಕಳನ್ನು ಒಳಗೆ ಬಿಡುತ್ತಿದ್ದರು. ಅಣ್ಣನಿಗೆ ಅದು ಸಾಲದು.

"ಅವರು ನೋಡಿದ್ದು ಬೆಳಿಗ್ಗೆ. ಈಗ ಸಂಜೆ," ಎನ್ನುತ್ತಿದ್ದ.

"ಡೋಂಟ್ ವಾಂಟ್ ಲಾ, ಮಾಮ," ಎಂದು ಚಿಂಟು ಸೋಫಾದ ಹಿಂದೆ ಸೇರಿಕೊಂಡರೆ ಅಣ್ಣನೂ ಮಂಡಿಯೂರಿ ಅಲ್ಲಿಗೇ ನುಗ್ಗುತ್ತಿದ್ದ.

ಚಿಂಟುವಿನ ಬರ್ತ್‌ಡೇಯನ್ನು ಬ್ಲಾಕಿನ ಕೆಳಗಿನ ತೆರೆದ ಜಾಗದಲ್ಲಿ, ಅಂದರೆ ವಾಯ್ಡ್ ಡೆಕ್‌ನಲ್ಲಿ ಮಾಡಿದೆವು. ಕೈಕಾಲು ಬಾಯಲ್ಲಿ ಗುಳ್ಳೆ ಏಳುವ ಕಾಯಿಲೆ ಮಕ್ಕಳಲ್ಲಿ ಹಬ್ಬಿದ್ದ ಕಾಲ. ಅಣ್ಣ ಕೇಕಿನ ಟೇಬಲ್ ಮುಂದೆ ಬಂದ ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ ಅಂಗೈ ನೋಡತೊಡಗಿದ. ದೂರದಿಂದ ಗಮನಿಸುತ್ತಿದ್ದ ಆಂಟಿಯೊಬ್ಬರು ಮೆಲ್ಲಗೆ ಬಂದು ತಮ್ಮ ಕೈಯನ್ನೂ ಚಾಚಿದರು. "ನಂದೂ ಸ್ವಲ್ಪ ನೋಡಿ. ಈ ವರ್ಷನಾದ್ರೂ ಇಲ್ಲೇ ನೆಲೆಸೋಕೆ ಪಿಆರ್ ಸಿಗುತ್ತಾ?"

ಅಣ್ಣ ಟಾರ್ಚಿನ ಬೆಳಕು ಬಿಟ್ಟು ನೋಡಿದ. "ಚರ್ಮ ಒಣಗಿದೆ. ನೀರು ಜಾಸ್ತಿ ಕುಡೀರಿ," ಎಂದ.

ಆಮೇಲೆ ಹೇಜ್ ಬಂತು. ಪಕ್ಕದ ದೇಶದಲ್ಲಿ ಕಾಡು ಸುಟ್ಟ ಹೊಗೆ ಊರ ಮೇಲೆ ಕೂತುಬಿಟ್ಟಿತು. ಎದುರಿನ ಬ್ಲಾಕೇ ಕಾಣದು. ಒಣಗಿಸಿದ ಬಟ್ಟೆಯೆಲ್ಲ ಸುಟ್ಟ ವಾಸನೆ. ಚಿಂಟು ಕೆಮ್ಮತೊಡಗಿದ. ಅಣ್ಣ ಕಿಟಕಿಗಳ ಸಂದಿಗೆಲ್ಲ ಟೇಪ್ ಹಚ್ಚಿ, ಬಾಗಿಲ ಕೆಳಗೆ ಒದ್ದೆ ಟವೆಲ್ ತುರುಕಿ, ಒಗ್ಗರಣೆಯನ್ನೂ ನಿಲ್ಲಿಸಿಬಿಟ್ಟ.

"ಭಾವ, ಒಗ್ಗರಣೆ ಹಾಕಿದ ಸಾರು ಉಂಡು ಎರಡು ವಾರ ಆಯ್ತು," ಎಂದರು ನನ್ನ ಗಂಡ.

"ಸಾರಿಗೆ ಶ್ವಾಸಕೋಶ ಇಲ್ಲ," ಎಂದ ಅಣ್ಣ.

ಮುಚ್ಚಿದ ಮನೆ, ಕೆಮ್ಮುವ ಮಗು, ಗಂಟೆಗೊಂದು ಸಲ ಅಣ್ಣನ ಫೋನು. ಒಂದು ದಿನ ನನಗೆ ತಡೆಯಲಾಗಲಿಲ್ಲ. "ಅಣ್ಣಾ, ಇದು ಮಗು, ನಿನ್ನ ವಿಮಾನ ಅಲ್ಲ. ಸ್ವಲ್ಪ ದಿನ ಬರಬೇಡ," ಎಂದುಬಿಟ್ಟೆ. ಅವನು ಚಪ್ಪಲಿ ಮೆಟ್ಟಿಕೊಂಡು ಹೋದ.

ಮೂರನೆಯ ದಿನ ಬೆಳಿಗ್ಗೆ ಚಿಂಟು ಹಾಲು ಬೇಡವೆಂದ. ಆಟವೂ ಬೇಡ. ಸುಮ್ಮನೆ ಮಲಗಿದ್ದ. ಗಂಡ ಪಾಯಾ ಲೆಬಾರಿನ ಆಫೀಸಿಗೆ ಹೋಗಿಯಾಗಿತ್ತು. ನೆಗಡಿ ಇರಬೇಕು ಅಂದುಕೊಂಡೆ. ಆದರೂ ಕೈ ಅಣ್ಣನ ನಂಬರ್ ಒತ್ತಿತು.

ಕೆಲಸಕ್ಕೆ ಹೊರಟಿದ್ದವನು ಲಿಫ್ಟಿಗೂ ಕಾಯದೆ ಮೆಟ್ಟಿಲು ಹತ್ತಿ ಬಂದ. ಮಗುವಿನ ಬನಿಯನ್ ಎತ್ತಿ, ಗಡಿಯಾರ ನೋಡುತ್ತ ಒಂದು ನಿಮಿಷ ಉಸಿರು ಎಣಿಸಿದ. ಪ್ರತಿ ಉಸಿರಿಗೂ ಪಕ್ಕೆಲುಬಿನ ಕೆಳಗಿನ ಚರ್ಮ ಒಳಕ್ಕೆ ಸೆಳೆಯುತ್ತಿತ್ತು. ನಾನು ಅದನ್ನು ನೋಡಿಯೇ ಇರಲಿಲ್ಲ.

"ನಡಿ, ಟ್ಯಾಕ್ಸಿ ಕರೀತೀನಿ," ಎಂದ, ಅಷ್ಟೇ.

ಆಸ್ಪತ್ರೆಯಲ್ಲಿ ತಕ್ಷಣ ಚಿಂಟುವಿನ ಮುಖಕ್ಕೆ ಮಾಸ್ಕ್ ಕಟ್ಟಿ ಔಷಧಿಯ ಹಬೆ ಕೊಟ್ಟರು. ಮಧ್ಯಾಹ್ನದ ಹೊತ್ತಿಗೆ ಎದೆಯ ಸೆಳೆತ ಇಳಿಯಿತು. ಬೇಗ ಬಂದಿದ್ದು ಒಳ್ಳೆಯದಾಯಿತು, ಎರಡು ದಿನ ಇಲ್ಲೇ ಇರಲಿ ಎಂದರು ಡಾಕ್ಟರು. ಅಷ್ಟರಲ್ಲಿ ಓಡಿಬಂದಿದ್ದ ಗಂಡನನ್ನು ಮಗುವಿನ ಹತ್ತಿರ ಕೂರಿಸಿ, ಅಣ್ಣನ ಕ್ಷಮೆ ಕೇಳಲು ಹೊರಟೆ.

ಕಾರಿಡಾರಿನ ಕೊನೆಯಲ್ಲಿ ಗೋಡೆಗೆ ಒರಗಿ ನಿಂತು ಫೋನು ಕಿವಿಗೆ ಒತ್ತಿಕೊಂಡಿದ್ದ. "ಮಾತಾಡಬೇಡ ಮಗಳೇ. ಫೋನು ಎದೆ ಹತ್ತಿರ ಹಿಡ್ಕೊ. ಸುಮ್ನೆ ಉಸಿರಾಡು," ಎನ್ನುತ್ತಿದ್ದ.

ನನ್ನನ್ನು ನೋಡಿ ಕಣ್ಣು ತಪ್ಪಿಸಿದ. "ಎರಡು ವರ್ಷದ ಹಿಂದೆ, ನೀವಿನ್ನೂ ಇಲ್ಲಿಗೆ ಬಂದಿರದಾಗ, ಇಂಥದೇ ಹೊಗೆಯಲ್ಲಿ ಇವಳಿಗೂ ಹೀಗೇ ಆಯ್ತು. ಯಾರಿಗೂ ಹೇಳಿರಲಿಲ್ಲ," ಎಂದ. "ಬರೀ ನೆಗಡಿ ಅಂದ್ಕೊಂಡು ನಾನು ಕೆಲಸಕ್ಕೆ ಹೋಗಿಬಿಟ್ಟೆ. ಆರು ದಿನ ಐಸಿಯುನಲ್ಲಿದ್ಲು. ಆಮೇಲೆ ನಿಮ್ಮತ್ತಿಗೆ ಇಲ್ಲಿ ಇರಲ್ಲ ಅಂದ್ಲು."

ನಾನೂ ಅವನ ಪಕ್ಕದಲ್ಲಿ ಗೋಡೆಗೆ ಒರಗಿ ನಿಂತೆ. ಅಣ್ಣ ಫೋನನ್ನು ನನ್ನ ಕಿವಿಗೆ ಹಿಡಿದ. ದೂರದ ಮೈಸೂರಿನಲ್ಲಿ ಅವನ ಮಗಳು ಅಪ್ಪನಿಗೆ ಕೇಳಲೆಂದು ನಿಧಾನವಾಗಿ ಉಸಿರಾಡುತ್ತಿದ್ದಳು.