ಮೂರು ಪತ್ರದ ನಿಯಮ

ಯಾರೂ ಮುಟ್ಟದ ಹಳೇ ಸಾಮಾನನ್ನು ಎಸೆಯಲು ಹೊರಟಾಗಲೇ ಅದಕ್ಕೊಬ್ಬ ವಾರಸುದಾರ ಹುಟ್ಟಿಕೊಳ್ಳುತ್ತಾನೆ. ಮನೆಯ ಅಟ್ಟದಲ್ಲಷ್ಟೇ ಅಲ್ಲ, ಕಂಪ್ಯೂಟರಿನಲ್ಲೂ ಹೀಗೇ. ನಾವು ಏಳೆಂಟು ಜನ ಸಂಬಳವಿಲ್ಲದೆ ಒಂದು ಭಂಡಾರ ನಡೆಸುತ್ತೇವೆ. ಯಾರು ಬೇಕಾದರೂ ತಿದ್ದಬಹುದಾದ ಸಾಫ್ಟ್‌ವೇರುಗಳನ್ನು ಒಂದೆಡೆ ಸೇರಿಸಿ ಜನರಿಗೆ ಪುಕ್ಕಟೆಯಾಗಿ ಕೊಡುವುದು ನಮ್ಮ ಕೆಲಸ.

1

ಆರ್.ಟಿ. ನಗರದ ಒಂದು ಮಹಡಿಯಲ್ಲಿ ಭಾನುವಾರದ ಸಭೆ. ಹಳೇ ಕನ್ನಡ ಫೈಲುಗಳನ್ನು ತೆರೆಯುವ ಒಂದು ಸಾಫ್ಟ್‌ವೇರಿನಲ್ಲಿ ತೂತು ಸಿಕ್ಕಿತ್ತು. ಕಳ್ಳ ಕಳಿಸಿದ ಫೈಲನ್ನು ಅದರಲ್ಲಿ ತೆರೆದರೆ ಕಂಪ್ಯೂಟರೇ ಅವನ ಕೈಗೆ. ಅದನ್ನು ಬರೆದವರು ವರ್ಷಗಳಿಂದ ತಿರುಗಿ ನೋಡಿಲ್ಲ. ನಮ್ಮ ನಿಯಮ ಸರಳ: ಬರೆದವರಿಗೆ ಮೂರು ಪತ್ರ ಹಾಕಬೇಕು, ಮೂರಕ್ಕೂ ಉತ್ತರವಿಲ್ಲದಿದ್ದರೆ ಭಂಡಾರದಿಂದ ತೆಗೆಯಬೇಕು.

"ಇವತ್ತೇ ತೆಗೀರಿ ಗುರು" ಎಂದು ಅರ್ಧ ಜನ, "ಪಾಪ, ಇರ್ಲಿ ಬಿಡ್ರೋ" ಎಂದು ಇನ್ನರ್ಧ ಜನ ಎರಡು ಗಂಟೆ ಕೂಗಾಡಿದರು.

"ಸರಿ, ತೂತು ಮುಚ್ಚೋರು ಯಾರು?" ಅಂದೆ.

ಎಲ್ಲರಿಗೂ ಒಟ್ಟಿಗೇ ಹೆಬ್ಬಾಳ ಫ್ಲೈಓವರಿನ ಟ್ರಾಫಿಕ್ ನೆನಪಾಗಿ ಎದ್ದು ಹೊರಟರು.

2

ಸುದ್ದಿ ತಿಳಿದು ಟಿ. ದಾಸರಹಳ್ಳಿಯಿಂದ ಒಬ್ಬ ಹಿರಿಯ ಹೆಂಗಸು ಫೋನ್ ಮಾಡಿದರು. ಉತ್ತರ ಕರ್ನಾಟಕದ ಕಡೆಯವರು.

"ತೆಗೀಬ್ಯಾಡ್ರಿ. ನಮ್ಮ ಮನಿಯವ್ರು ಹೋಗಿ ನಾಕು ವರ್ಷ ಆತು. ಅವ್ರ ಡೈರಿ ಅದ್ರಾಗ ಅಷ್ಟ ತೆರೀತೈತಿ. ನಾಳೆ ಕಂಪ್ಯೂಟರ್ ಕೆಟ್ರ ಮತ್ತ ಎಲ್ಲಿಂದ ತರ್ಲಿ?"

"ಕಳ್ಳರು ನುಗ್ತಾರಮ್ಮಾ" ಅಂದೆ.

"ನುಗ್ಗಿ ಓದ್ಲಿ ಬಿಡ್ರಿ. ಜೀವನಪೂರ್ತಿ ನನ್ನ ಅಡಗಿಗೆ ಖಾರ ಹೆಚ್ಚು, ಹುಳಿ ಕಮ್ಮಿ ಅಂತ ಹೆಸರಿಟ್ಟಿದ್ದ ಐತಿ ಅದ್ರಾಗ."

ನಾನು ನಕ್ಕೆ. ಆಕೆ ನಗಲಿಲ್ಲ. "ದಿನಾ ಅದನ್ನ ಓದ್ಕೋಂತನ ಉಣ್ತೀನ್ರಿ" ಅಂದರು.

3

ಮೂರು ಪತ್ರ ಹಾಕಿದೆ. ಉತ್ತರವಿಲ್ಲ. ನಿಯಮದ ಪ್ರಕಾರ ತೆಗೆಯಬಹುದಿತ್ತು, ಆದರೆ ಕೈ ಬರಲಿಲ್ಲ. ಬರೆದವರ ಊರು ಜಕ್ಕೂರು ಎಂದು ಸಾಫ್ಟ್‌ವೇರಿನಲ್ಲೇ ಇತ್ತು. ವಿಚಾರಿಸಿಕೊಂಡು ಹೋದೆ. ಹಳ್ಳಿ ಮಾತು ಬಿಡದ ನಿವೃತ್ತ ಮೇಷ್ಟ್ರು, ಅಪಾರ್ಟ್‌ಮೆಂಟುಗಳ ನಡುವೆ ಉಳಿದ ಕೊಟ್ಟಿಗೆಯಲ್ಲಿ ಹಸುವಿಗೆ ಹುಲ್ಲು ಹಾಕುತ್ತಿದ್ದರು.

"ಸಾರ್, ನಿಮ್ಮ ಸಾಫ್ಟ್‌ವೇರ್ ತೆಗೀಬೇಕು ಅಂತಿದ್ದೀವಿ."

"ಇನ್ನೂ ತೆಗ್ದಿಲ್ವಾ? ತೂತು ಬಿದ್ದೈತೆ, ತೆಗೀರಿ ಅಂತ ನಾನೇ ಬರ್ದಿದ್ನಲ್ಲಪ್ಪಾ! ಅಳೇ ಫೈಲು ಇಟ್ಕೊಂಡೋರು ಅಳಬಾರ್ದು ಅಂತ, ಅವನ್ನೆಲ್ಲಾ ಈಗಿನ ರೂಪಕ್ಕೆ ತಿರುಗಿಸೋ ಪ್ರೋಗ್ರಾಮೂ ಜೊತೆಗಿಟ್ಟಿದ್ದೆ. ನನ್ನ ಮೇಲ್ ವಿಳಾಸ ಬದಲಾಗೈತೆ ಅಂತಾನೂ ತಿಳಿಸಿದ್ದೆ."

ಅಲ್ಲೇ ಮೊಬೈಲಿನಲ್ಲಿ ಭಂಡಾರದ ಮೇಲ್ ತೆರೆದು ಹುಡುಕಿದೆ. ಅವರ ಪತ್ರಗಳಿದ್ದವು, ಪ್ರೋಗ್ರಾಮೂ ಇತ್ತು. ಎರಡು ವರ್ಷದಿಂದ ಯಾರೂ ತೆರೆದಿರಲಿಲ್ಲ. ಆ ಮೇಲ್ ನೋಡಿಕೊಳ್ಳುವವನು ನಾನೇ.

ವಾರದೊಳಗೆ ದಾಸರಹಳ್ಳಿಯ ಡೈರಿ ಪೂರ್ತಿ ಹೊಸ ರೂಪಕ್ಕೆ ಬಂತು. "ಎಲ್ಲಾ ಬಂತ್ರೀ, ಬದನಿಕಾಯಿಗೆ ಉಪ್ಪು ಹೆಚ್ಚಾಗಿದ್ದೂ ಬಂತು" ಎಂದು ಆಕೆ ಅತ್ತರು. ಹಳೇ ಸಾಫ್ಟ್‌ವೇರನ್ನು ಮರುದಿನವೇ ತೆಗೆದೆವು.

ಆದರೆ ಅವತ್ತು ಜಕ್ಕೂರಿನಿಂದ ಹೊರಡುವಾಗ ಮೇಷ್ಟ್ರು ಕೇಳಿದ್ದು ಇನ್ನೂ ಕಿವಿಯಲ್ಲಿದೆ.

"ಆ ಮೂರು ಪತ್ರದ ನಿಯಮ ಇನ್ನೂ ಐತೇನಪ್ಪಾ?"

"ಇದೆ ಸಾರ್."

"ನಾನೂ ಮೂರು ಬರ್ದಿದ್ದೆ, ಒಂದಕ್ಕೂ ಉತ್ತರ ಬರ್ಲಿಲ್ಲ. ಇಂಗಾದ್ರೆ, ಮೊದ್ಲು ಯಾರನ್ನ ತೆಗೀಬೇಕು?"