ಕುಲಸಂತನ ಹಬ್ಬದ ಫೋಟೊಗಳನ್ನು ಜಾಲತಾಣಕ್ಕೆ ಹಾಕುವುದನ್ನು ನಿರ್ಬಂಧಿಸುವ ಬಗ್ಗೆ

ಕ್ರಮಾಂಕ: ಮನೆ/ಗುಟ್ಟು/ರಟ್ಟು
ಇಲಾಖೆ: ಗೋಪ್ಯತೆಯ ದೃಷ್ಟಿಯಿಂದ ಹೆಸರು ನಮೂದಿಸಿಲ್ಲ. ಹಿಂದಿನ ಕೋಣೆ, ನಿಶ್ ನಗರ.

ಉಲ್ಲೇಖ: ಅಮ್ಮನವರು ಹಬ್ಬದ ಮುನ್ನಾದಿನ ಹಾಕಿದ ಫೋಟೊಗಳು.

ಕುಲಸಂತನ ಹಬ್ಬವಾದ ಸ್ಲಾವಕ್ಕೆ ಯಾರನ್ನೂ ಕರೆಯುವ ಪದ್ಧತಿ ಇರುವುದಿಲ್ಲ. ಬಂದವರನ್ನು ವಾಪಸು ಕಳುಹಿಸುವ ಪದ್ಧತಿಯಂತೂ ಇಲ್ಲವೇ ಇಲ್ಲ. ಹೀಗಿರುವಾಗ ಶ್ರೀಮತಿ ದೆಸಾಂಕಾ (ಇನ್ನು ಮುಂದೆ ‘ಅಮ್ಮ’) ಅವರು ಹುರಿದ ಮೀನು, ಕರೆಗಂಟೆಯ ಮೇಲಿನ ಹೆಸರು, ಬೀದಿಯ ಫಲಕ, ಕುಂಡದ ಕೆಳಗಿನ ಬೀಗದ ಕೈ, ಇಷ್ಟನ್ನೂ ಜಾಲತಾಣಕ್ಕೆ ಹಾಕಿ, “ನಾಳೆ ನಮ್ಮನೆ ಸಂತ ನಿಕೊಲಾನ ಹಬ್ಬ, ಎಲ್ಲಾರೂ ಬನ್ನಿ” ಎಂದು ಬರೆದಿರುವುದು ಗಮನಕ್ಕೆ ಬಂದಿರುತ್ತದೆ. ಎಲ್ಲಾರೂ ಬಂದಿರುತ್ತಾರೆ.

ಟೈರ್ ಅಂಗಡಿ ಮಾಲೀಕ ಶ್ರೀ ತಿಹೊಮಿರ್ ಅವರೂ ಬಂದಿರುತ್ತಾರೆ. ಅವರ ನೌಕರನೂ ಅಮ್ಮನ ಏಕೈಕ ಪುತ್ರನೂ ಆದ ವೆಲಿಬೋರ್, ಕಳೆದ ತಿಂಗಳಷ್ಟೇ “ದೇವದೂತ ಮಿಹೈಲೊ ನಮ್ಮನೆ ದೇವರು” ಎಂದು ಹೇಳಿ ಸಂಬಳಸಹಿತ ಹಬ್ಬದ ರಜೆ ಪಡೆದಿದ್ದನು. ಒಂದು ಮನೆಗೆ ಒಬ್ಬನೇ ಸಂತ ಎಂಬುದು ಊರಿಗೇ ಗೊತ್ತು. ಸದರಿ ರಜೆಯು ಈ ಸುತ್ತೋಲೆಯ ವ್ಯಾಪ್ತಿಗೆ ಬರುವುದಿಲ್ಲ. ಅವನ ಕೆಲಸ ಉಳಿಯುವುದೇ ಎಂಬುದು ಮಾತ್ರ ಬರುತ್ತದೆ.

ಆದುದರಿಂದ ಈ ಕೆಳಕಂಡಂತೆ ಆದೇಶಿಸಲಾಗಿದೆ:

೧. ಮೀನಿನ ಫೋಟೊ ಹಾಕಲೇಬೇಕಾದಲ್ಲಿ, ಅದು ಯಾರ ಮನೆಯ ಬಾಣಲೆಯಲ್ಲಿದೆ ಎಂದು ಗುರುತು ಹತ್ತದಂತೆ ಬಾಣಲೆಗೆ ಮುಸುಕು ಹಾಕತಕ್ಕದ್ದು.

೨. ಕುಂಡದ ಕೆಳಗಿನ ಬೀಗದ ಕೈ ಗುಟ್ಟಿನ ವಿಷಯ. ಕುಂಡಕ್ಕೆ ಕೆಂಪು ಬಾಣದ ಗುರುತು ಹಾಕಿ ತೋರಿಸತಕ್ಕದ್ದಲ್ಲ. ಅಲ್ಲಾ ಅಮ್ಮಾ, ಬಾಣ ಯಾಕೆ?

೩. ಸೋಫಾದ ಮೇಲೆ ಸಾಕ್ಸ್ ಬಿಚ್ಚಿ ಮಲಗಿದ್ದ ವ್ಯಕ್ತಿ ಯಾರೆಂದು ವಿಚಾರಿಸಲಾಗಿ, “ಪಾಪ ಕಣೋ, ನನ್ನ ಎಲ್ಲಾ ಫೋಟೊಗೂ ಹೃದಯ ಒತ್ತುತ್ತಾನೆ” ಎಂದು ಅಮ್ಮನವರು ಹೇಳಿಕೆ ನೀಡಿರುತ್ತಾರೆ. ಹೃದಯ ಒತ್ತಿದ ಮಾತ್ರಕ್ಕೆ ರಕ್ತಸಂಬಂಧ ಉಂಟಾಗುವುದಿಲ್ಲ ಎಂದು ಈ ಮೂಲಕ ಸ್ಪಷ್ಟಪಡಿಸಲಾಗಿದೆ.

೪. ಮಗನ ಮೂಲವ್ಯಾಧಿಯು ಸಾರ್ವಜನಿಕ ಪ್ರಕಟಣೆಗೆ ಅರ್ಹವಲ್ಲ. ಮುನ್ನೂರು ಜನ ಅಪರಿಚಿತರು “ಬೇಗ ಗುಣವಾಗಲಿ” ಎಂದು ಹರಸಿದ್ದರೂ ಸಹ.

೫. ಮಾಲೀಕರು ವೈನ್ ಬಾಟಲಿ ಸಮೇತ ಒಳಬಂದು, “ಏನೋ ವೆಲಿಬೋರ್, ನಿಮ್ಮನೇಗೆ ದೇವರು ಎಷ್ಟಪ್ಪಾ?” ಎಂದು ಕೇಳಲಾಗಿ, ಆರೋಪಿಯು ಬಾಯಿ ತೆರೆಯುವ ಮೊದಲೇ ಅಮ್ಮನವರು, “ಒಬ್ಬನೇ ಯಜಮಾನ್ರೇ! ಇವನ ಮುತ್ತಜ್ಜನ ಕಾಲದಿಂದ ನಿಕೊಲಾನೇ. ಬನ್ನಿ, ಮೀನು ಆರಿಹೋಗುತ್ತೆ” ಎಂದಿರುತ್ತಾರೆ. ಇನ್ನು ಮುಂದೆ ದೇವರ ಸಂಖ್ಯೆಯನ್ನು ಮಗನನ್ನು ಕೇಳದೆ ಯಾರಿಗೂ ತಿಳಿಸತಕ್ಕದ್ದಲ್ಲ.

೬. ಎರಡನೇ ಮೀನಿನ ನಂತರ ಮಾಲೀಕರು ಬೆರಳು ಚೀಪುತ್ತಾ ನೀಡಿದ ತೀರ್ಪು: “ಇಂಥಾ ಅಡುಗೆ ಮಾಡೋ ತಾಯಿ ಮಗನನ್ನ ಕೆಲಸದಿಂದ ತೆಗೆದ್ರೆ ನಂಗೇ ಪಾಪ ಸುತ್ತಿಕೊಳ್ಳುತ್ತೆ. ಆದ್ರೆ ಈ ವರ್ಷ ಎರಡು ಹಬ್ಬ ಮಾಡ್ಕೊಂಡಿದ್ದೀಯ. ಬರೋ ವರ್ಷದ್ದು ನಂದು.” ಅಮ್ಮನವರು ಚಪ್ಪಾಳೆ ತಟ್ಟಿ ಅನುಮೋದಿಸಿರುತ್ತಾರೆ.

(ಸಹಿ)
ವೆಲಿಬೋರ್
ಪ್ರಭಾರ ಮುಖ್ಯಸ್ಥ ಹಾಗೂ ಏಕೈಕ ಸಿಬ್ಬಂದಿ

ಪ್ರತಿಗಳು:
ಅಮ್ಮನವರಿಗೆ, ಓದಿ ಹರಿದುಹಾಕಲು. ಫೋಟೊ ತೆಗೆಯಲು ಅಲ್ಲ.
ಬಂದುಹೋದ ಅಪರಿಚಿತರಿಗೆ: ಅವರ ವಿಳಾಸ ನಮಗೆ ಗೊತ್ತಿಲ್ಲ, ನಮ್ಮದು ಅವರಿಗೆ ಗೊತ್ತಿದೆ, ಬಂದು ಒಯ್ಯಬಹುದು.
ಶ್ರೀ ತಿಹೊಮಿರ್ ಅವರಿಗೆ: ಬರುವ ವರ್ಷ ನಿಕೊಲಾನ ದಿನ ಅವರು ನಮ್ಮ ಮನೆಯಲ್ಲಿ ನನ್ನ ಕುರ್ಚಿಯ ಮೇಲೆ ಕೂತಿರುವಾಗ, ನಾನು ಅವರ ಅಂಗಡಿಯಲ್ಲಿ ಟೈರ್ ಬಿಚ್ಚುತ್ತಿರುತ್ತೇನೆ, ಬಾಲದ ತುಂಡಾದರೂ ಉಳಿಸುವಂತೆ ಕೋರಿ.