ಎಡ ಮಂಡಿಯ ಮೇಲೆ ನಾನು ಬರೆದ ಬಾಣದ ಕುರಿತು

ರೋಗಿಗಳ ಸುರಕ್ಷತೆಯನ್ನೂ ಆಸ್ಪತ್ರೆಗಳ ಗುಣಮಟ್ಟವನ್ನೂ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿರುವ ಮಂಡಳಿಯ ಅಧ್ಯಕ್ಷರಿಗೆ, ಸದಸ್ಯರಿಗೆ, ತಪಾಸಣೆಗೆ ಬಂದಾಗ ಮಂಚದ ಕೆಳಗೂ ಬಗ್ಗಿ ನೋಡುವ ತಮ್ಮ ಪರೀಕ್ಷಕರಿಗೆ ಹಾಗೂ ಅವರ ಕೊರಳಲ್ಲಿ ತೂಗಾಡುವ ಗುರುತಿನ ಚೀಟಿಗಳಿಗೆ ಒಬ್ಬ ಕ್ಷೌರಿಕನ ಅನಂತ ನಮಸ್ಕಾರಗಳು.

ಮಾನ್ಯರೇ,

ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಎರಡು ಕುರ್ಚಿ, ಗೋಡೆಯುದ್ದದ ಒಂದು ಕನ್ನಡಿ, ಅರ್ಧ ಹರಿದ ಒಂದು ಪರದೆ, ಇಷ್ಟು ಆಸ್ತಿಯಿರುವ ಕ್ಷೌರದಂಗಡಿಯ ಮಾಲೀಕ ನಾನು; ಪಕ್ಕದ ಬಾಗಿಲಲ್ಲಿ ಲಾಂಡ್ರಿ ನಡೆಸುವವಳು ನನ್ನ ಹೆಂಡತಿ. ನಿಂತೇ ಇಸ್ತ್ರಿ ಹಾಕಿ ಹಾಕಿ ಅವಳ ಎರಡೂ ಮಂಡಿಗಳು ಸವೆದುಹೋಗಿ, ಬಲ ಮಂಡಿಯನ್ನು ತಾವು ಪ್ರಮಾಣಪತ್ರ ಕೊಟ್ಟ ಆಸ್ಪತ್ರೆಯಲ್ಲೇ ಬದಲಾಯಿಸಿಕೊಂಡು ಬಂದದ್ದಾಗಿದೆ, ಎಡ ಮಂಡಿಯ ಸರದಿ ಮುಂದಿನ ತಿಂಗಳು. ಆಪರೇಷನ್ನಿನ ಬೆಳಿಗ್ಗೆ ಅವಳನ್ನು ಒಳಗೆ ಕರೆದೊಯ್ಯುವ ತನಕ ನಾನು ಮಂಚದ ಪಕ್ಕ ಸುಳಿಯಬಾರದಂತೆ, ಕೆಳಗಿನ ಕ್ಯಾಂಟೀನಿನಲ್ಲಿ ಕೂತಿರಬೇಕಂತೆ. ಇದೇ ನನ್ನ ದೂರು. ಆದರೆ ನನ್ನ ಗಿರಾಕಿಗಳಿಗೆಲ್ಲ ಗೊತ್ತಿರುವಂತೆ ನಾನು ಹಿಂಭಾಗ ಮುಗಿಸದೆ ಮುಂಭಾಗಕ್ಕೆ ಬರುವವನಲ್ಲವಾದ್ದರಿಂದ, ದಯವಿಟ್ಟು ತಾವು ಸ್ವಲ್ಪ ಹೊತ್ತು ಅಲ್ಲಾಡದೆ ಕೂತುಕೊಳ್ಳಬೇಕು.

ತಮ್ಮ ಮೊದಲ ಉಪಕಾರವೆಂದರೆ, ನನ್ನ ಹೆಂಡತಿಗೆ ಒಂದು ಹೆಸರಿದೆ ಎಂಬುದನ್ನು ನನಗೆ ನೆನಪು ಮಾಡಿಕೊಟ್ಟದ್ದು. ಮದುವೆಯಾದಾಗಿನಿಂದ ಅವಳನ್ನು ‘ಇವಳೇ’ ಎಂದೂ, ಕೋಪ ಬಂದಾಗ ‘ಏ ಇವಳೇ’ ಎಂದೂ, ಏನಾದರೂ ಕೆಲಸ ಆಗಬೇಕಿದ್ದಾಗ ‘ಕೇಳಿಸ್ತಾ ಇಲ್ಲಿ’ ಎಂದೂ ಕರೆದುಕೊಂಡೇ ಸಂಸಾರ ಮಾಡಿದವನು ನಾನು. ಆಸ್ಪತ್ರೆಯಲ್ಲೋ, ರಕ್ತ ತೆಗೆಯುವವರು, ಮಾತ್ರೆ ಕೊಡುವವರು, ಎಕ್ಸ್‌ರೇಗೆ ಕರೆದೊಯ್ಯುವವರು, ಕೊನೆಗೆ ಊಟದ ತಟ್ಟೆ ತರುವವರು ಕೂಡ ಬಂದು ‘ಪೂರ್ತಿ ಹೆಸರು ಹೇಳಿ ಅಮ್ಮಾ, ಹುಟ್ಟಿದ ದಿನಾಂಕ ಹೇಳಿ’ ಎಂದು ಕೇಳಿ, ಕೈಗೆ ಕಟ್ಟಿದ ಪಟ್ಟಿಯ ಜೊತೆ ತಾಳೆ ನೋಡಿದ ಮೇಲೆಯೇ ಮುಂದಿನ ಮಾತು. ಒಬ್ಬರ ಮಾತ್ರೆ ಇನ್ನೊಬ್ಬರ ಹೊಟ್ಟೆಗೆ ಹೋಗಬಾರದೆಂದು ತಾವು ಮಾಡಿದ ನಿಯಮವಂತೆ. ಒಳ್ಳೆಯದೇ. ಆದರೆ ಈಗಷ್ಟೇ ಕೇಳಿ ಹೋದ ನರ್ಸಮ್ಮನೇ ತಿರುಗಿ ಬಂದು ಮತ್ತೆ ಕೇಳಿದಾಗ, ಅಷ್ಟರೊಳಗೆ ಬೇರೆ ಯಾರಾದರೂ ಬಂದು ಮಲಗಿಬಿಟ್ಟಿದ್ದಾರೋ ಏನೋ ಎಂದು ನಾನೇ ಒಮ್ಮೆ ಹೊದಿಕೆ ಸರಿಸಿ ನೋಡಿದೆ. ‘ಏನ್ರೀ ಅದು ಇಣುಕೋದು?’ ಎಂದು ಒಳಗಿನಿಂದ ಗದರಿದ್ದರಿಂದ ನನ್ನವಳೇ ಎಂದು ಖಾತ್ರಿಯಾಯಿತು.

ಈ ಮರ್ಯಾದೆ ಅವಳಿಗೆ ಎಷ್ಟು ಹಿಡಿಸಿತೆಂದರೆ ಮನೆಗೆ ಬಂದ ಮೇಲೂ ಬಿಡುತ್ತಿಲ್ಲ. ಚಹಾದ ಲೋಟ ಹಿಡಿದು ಹೋದರೆ ಕೈಚಾಚುವುದಿಲ್ಲ, ‘ಮೊದಲು ಹೆಸರು ಕೇಳಿ’ ಎನ್ನುತ್ತಾಳೆ. ಮಾತ್ರೆ ಕೊಡುವಾಗಲಂತೂ ಹುಟ್ಟಿದ ದಿನಾಂಕವನ್ನು ನಾನೇ ಹೇಳಿ ಅವಳಿಂದ ಸೈ ಅನ್ನಿಸಿಕೊಳ್ಳಬೇಕು. ಮೊದಲ ದಿನ ತಡವರಿಸಿ ಅವಳ ತಂಗಿಯ ದಿನಾಂಕ ಹೇಳಿಬಿಟ್ಟೆ. ಅಂದು ಹಾರಿಹೋದ ಮಾತ್ರೆ ಬೀರುವಿನ ಕೆಳಗೆ ಸಿಕ್ಕಿತು. ನಾದಿನಿಯ ದಿನಾಂಕ ನನಗೆ ಹೇಗೆ ಬಾಯಿಪಾಠವಾಗಿದೆ ಎಂಬ ವಿಚಾರಣೆ ಮಾತ್ರ ಇನ್ನೂ ನಡೆಯುತ್ತಲೇ ಇದೆ.

ಬೀಳದಂತೆ ಕಾಯುವ ತಮ್ಮ ಏರ್ಪಾಟನ್ನೂ ಹೊಗಳದೆ ಇರಲಾರೆ. ನನ್ನ ಹೆಂಡತಿ ಬೀಳಬಹುದೆಂದು ಅವಳ ಕೈಗೊಂದು ಹಳದಿ ಪಟ್ಟಿ ಕಟ್ಟಿ, ಮಂಚದ ಎರಡೂ ಕಡೆ ಕಂಬಿ ಏರಿಸಿ, ಬಚ್ಚಲಿಗೆ ಹೋಗುವಾಗ ಜೊತೆಗೊಬ್ಬರನ್ನು ಕಳಿಸಿದರು. ಅವಳು ಬೀಳಲಿಲ್ಲ. ‘ನೆಲ ಒದ್ದೆಯಿದೆ, ಎಚ್ಚರಿಕೆ’ ಎಂಬ ಫಲಕವನ್ನು ಕಾರಿಡಾರಿನ ನಟ್ಟನಡುವೆ ಇಟ್ಟಿದ್ದರು, ನಾನು ಒಣಗಿದ ನೆಲದ ಮೇಲೆ ಆ ಫಲಕಕ್ಕೇ ಎಡವಿ ಬಿದ್ದೆ. ಬಂಧುಗಳಿಗೆ ಹಳದಿ ಪಟ್ಟಿ ಇಲ್ಲವಂತೆ.

ಇನ್ನು ಬಾಣ. ಆಪರೇಷನ್ ಆಗಬೇಕಾದ ಕಾಲಿನ ಮೇಲೆ ಡಾಕ್ಟರೇ ಖುದ್ದಾಗಿ ಪೆನ್ನಿನಲ್ಲಿ ಬಾಣದ ಗುರುತು ಹಾಕಬೇಕು, ಗುರುತಿಲ್ಲದ ಕಾಲನ್ನು ಒಳಗೆ ಬಿಟ್ಟುಕೊಳ್ಳಬಾರದು ಎಂಬುದು ತಮ್ಮ ಇನ್ನೊಂದು ನಿಯಮ. ಅದರಂತೆ ಡಾಕ್ಟರು ಬೆಳಿಗ್ಗೆ ಬಂದು ಬಲ ಮಂಡಿಯ ಮೇಲ್ಗಡೆ ಒಂದು ಬಾಣ ಬರೆದು, ‘ಇದು ಅಷ್ಟು ಸುಲಭಕ್ಕೆ ಹೋಗಲ್ಲ’ ಎಂದು ಹೇಳಿ ಹೋದರು. ಮಾನ್ಯರೇ, ಊರಿನವರ ಅಂಗಿ ಜೇಬುಗಳ ಶಾಯಿ ಕಲೆ ತೆಗೆದೇ ಹೆಸರು ಮಾಡಿದ ಹೆಂಗಸಿಗೆ ಯಾರಾದರೂ ಹೇಳುವ ಮಾತೇ ಅದು? ನಾನು ಔಷಧಿ ತರಲು ಕೆಳಗಿಳಿದು ಹತ್ತಿ ಬರುವಷ್ಟರಲ್ಲಿ, ‘ಹೇಗೆ ಹೋಗಲ್ಲ ನೋಡೇಬಿಡ್ತೀನಿ’ ಎಂದು ಹಟ ತೊಟ್ಟವಳು, ನರ್ಸು ಬಿಟ್ಟುಹೋಗಿದ್ದ ಸ್ಪಿರಿಟ್ಟಿಗೆ ಹತ್ತಿ ಅದ್ದಿ ಅದ್ದಿ ಉಜ್ಜಿ, ಮಂಡಿಯನ್ನು ಬೆಳಗಿದ ತಟ್ಟೆಯಂತೆ ಮಾಡಿಟ್ಟು, ಗೆದ್ದವಳ ಮುಖ ಮಾಡಿಕೊಂಡು ಮಲಗಿದ್ದಳು.

ಪಕ್ಕದ ಮಂಚದ ಅಜ್ಜಿಯನ್ನು ಗುರುತು ಸರಿಯಿಲ್ಲವೆಂದು ಹಿಂದಿನ ದಿನವಷ್ಟೇ ಆಪರೇಷನ್ ಕೋಣೆಯ ಬಾಗಿಲಿನಿಂದ ವಾಪಸ್ಸು ಕಳಿಸಿದ್ದನ್ನು ಕಣ್ಣಾರೆ ಕಂಡಿದ್ದೆ. ಮೆಟ್ಟಿಲು ಹತ್ತುವಾಗ ಇವಳು ಹಲ್ಲು ಕಚ್ಚುವುದನ್ನು ನೋಡಲಾರದೆ ಆ ದಿನಕ್ಕಾಗಿ ತಿಂಗಳುಗಟ್ಟಲೆ ಕಾದವನು ನಾನು, ಮತ್ತೆ ಕಾಯುವ ಶಕ್ತಿ ನನ್ನಲ್ಲಿರಲಿಲ್ಲ. ಆಗಲೇ ಕಾರಿಡಾರಿನಲ್ಲಿ ಗಾಲಿಮಂಚದ ಸದ್ದು. ಜೇಬಿನಲ್ಲಿ ಮೀಸೆ ತಿದ್ದುವ ಕಪ್ಪು ಪೆನ್ಸಿಲ್ ಇತ್ತು. ಮಂಚದ ಕಾಲುಗಡೆ ನಿಂತು, ಅವಳು ಕಣ್ಣುಮುಚ್ಚಿ ‘ಅಯ್ಯೋ, ಕಚಗುಳಿ ಆಗುತ್ತೆ, ಬೇಗ ಮುಗಿಸಿ’ ಎನ್ನುತ್ತಿರುವಾಗಲೇ ಬಾಣ ಬರೆದೆ. ಅದು ಅಂತಿಂಥ ಬಾಣವಲ್ಲ. ಡಾಕ್ಟರದ್ದು ಒಂದು ಕಡೆ ವಾಲಿತ್ತು. ನನ್ನದು ಎರಡೂ ಕಡೆ ಸಮ, ತುದಿ ಚೂಪು, ಹಿಂದೆ ಗರಿ ಬೇರೆ. ಮದುಮಗನ ಮೀಸೆಗೂ ನಾನು ಅಷ್ಟು ನಿಗಾ ಕೊಟ್ಟವನಲ್ಲ. ಇದ್ದ ಕೊರತೆ ಒಂದೇ, ಅದು ಎಡ ಮಂಡಿಯ ಮೇಲಿತ್ತು.

ಇದಕ್ಕೆ ಕಾರಣ ನನ್ನ ಬುದ್ಧಿಯಲ್ಲ, ನನ್ನ ಕಸುಬು. ಗಿರಾಕಿಯ ಬೆನ್ನ ಹಿಂದೆ ನಿಂತು, ಕನ್ನಡಿಯಲ್ಲಿ ಅವನ ಮುಖ ನೋಡುತ್ತಾ ಕೆಲಸ ಮಾಡುವವನು ನಾನು. ಕನ್ನಡಿಯೊಳಗೆ ಅವನ ಬಲಗೆನ್ನೆ ನನ್ನ ಬಲಗೈ ಕಡೆಗೇ ಇರುತ್ತದೆ, ಎಡಗೆನ್ನೆ ಎಡಗೈ ಕಡೆಗೆ. ಇಷ್ಟು ವರ್ಷ ನನಗೆ ಎದುರಾದ ಮುಖಗಳೆಲ್ಲ ಹೀಗೆಯೇ ಮರ್ಯಾದೆಯಿಂದ ನಡೆದುಕೊಂಡಿರುವಾಗ, ಕಟ್ಟಿಕೊಂಡ ಹೆಂಡತಿಯೇ ಕನ್ನಡಿಯಿಲ್ಲದೆ ನೇರವಾಗಿ ಎದುರಿಗೆ ಮಲಗಿ, ತನ್ನ ಬಲಗಾಲನ್ನು ನನ್ನ ಎಡಗಡೆಗೆ ಇಟ್ಟುಕೊಂಡರೆ ಅದು ಯಾರ ತಪ್ಪು? ಮೇಲಾಗಿ ಎಡ ಮಂಡಿಗೂ ಆಪರೇಷನ್ ಬೇಕೆಂದು ಆಮೇಲೆ ಡಾಕ್ಟರೇ ಹೇಳಿದ್ದಾರೆ. ಆದ್ದರಿಂದ ನನ್ನ ಬಾಣ ತಪ್ಪಾಗಿತ್ತು ಎನ್ನುವುದಕ್ಕಿಂತ ಸ್ವಲ್ಪ ಮುಂಚಿತವಾಗಿತ್ತು ಎನ್ನುವುದೇ ನ್ಯಾಯ.

ಒಳಗೆ ನಡೆದದ್ದನ್ನು ಹೆಂಡತಿಯೇ ಆಮೇಲೆ ಹೇಳಿದಳು. ಕತ್ತಿ ಮುಟ್ಟುವ ಮೊದಲು ಎಲ್ಲರೂ ಕೈಯಲ್ಲಿನ ಕೆಲಸ ಬಿಟ್ಟು ನಿಂತು, ರೋಗಿ ಯಾರು, ಆಪರೇಷನ್ ಯಾವುದು, ಯಾವ ಕಡೆ ಎಂದು ಗಟ್ಟಿಯಾಗಿ ಹೇಳಬೇಕೆಂದು ತಾವು ಕಟ್ಟಳೆ ಮಾಡಿದ್ದೀರಂತೆ. ಕಾಗದ ಬಲ ಎಂದಿತು, ಎಕ್ಸ್‌ರೇ ಬಲ ಎಂದಿತು, ಎಚ್ಚರವಾಗಿಯೇ ಇದ್ದ ನನ್ನ ಹೆಂಡತಿ ಬಲ ಎಂದಳು, ಬಾಣವೊಂದೇ ಎಡ ಎಂದಿತು. ಅದರ ಗರಿ ನೋಡಿದ ಡಾಕ್ಟರು ‘ಇದು ನನ್ನ ಕೈಬರಹ ಅಲ್ಲ’ ಎಂದರಂತೆ. ಕೆಲಸವೆಲ್ಲ ನಿಂತಿತು. ಡಾಕ್ಟರು ಹೊರಗೆ ಬಂದು ಬೆಂಚಿನ ಮೇಲೆ ಕೂತಿದ್ದ ನನ್ನ ಕೈ ನೋಡಿದರು. ಬೆರಳಿಗೆ ಕಪ್ಪು ಮೆತ್ತಿತ್ತು. ಬರೆದದ್ದೇನು, ಆಗಬಹುದಾಗಿದ್ದದ್ದೇನು ಎಂದು ಆಗ ಹೊಳೆದು, ಜೇಬಿನ ಪೆನ್ಸಿಲ್ ತೆಗೆದು ಅವರ ಕೈಗಿಟ್ಟೆ. ಅವರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ‘ಏನೂ ಆಗಿಲ್ಲ, ಇಲ್ಲೇ ಕೂತಿರಿ, ಏನನ್ನೂ ಮುಟ್ಟಬೇಡಿ’ ಎಂದು ಒಳಗೆ ಹೋಗಿ, ಎಲ್ಲವನ್ನೂ ಮೊದಲಿನಿಂದ ತಾಳೆ ನೋಡಿ, ಬಲ ಮಂಡಿಗೇ ಮಾಡಿದರು. ಈಗ ಆ ಕಾಲಿನ ಮೇಲೆ ಅವಳು ನೆಟ್ಟಗೆ ನಿಲ್ಲುತ್ತಾಳೆ.

ಇಲ್ಲಿಗೆ ಮುಗಿಯಿತೆಂದುಕೊಂಡಿದ್ದೆ. ಆಸ್ಪತ್ರೆಯವರು ಏನನ್ನೂ ಮುಚ್ಚಿಡದೆ ತಮಗೆ ವರದಿ ಕಳಿಸಿದರು, ತಾವು ಅವರ ಬೆನ್ನು ತಟ್ಟಿದಿರಿ, ತಟ್ಟಿ ಸುಮ್ಮನಿರದೆ ಒಂದು ಪೋಸ್ಟರ್ ಅಚ್ಚು ಹಾಕಿಸಿ ಆಸ್ಪತ್ರೆ ಆಸ್ಪತ್ರೆಗಳ ಲಿಫ್ಟಿನ ಪಕ್ಕ ಅಂಟಿಸಿದಿರಿ. ‘ಗುರುತು ಹಾಕುವುದು ವೈದ್ಯರ ಕೆಲಸ, ಬಂಧುಗಳು ಕೈಹಾಕಬೇಡಿ’ ಎಂಬ ಸಾಲಿನ ಕೆಳಗೆ ದಪ್ಪ ಮೀಸೆಯವನೊಬ್ಬ ಪೆನ್ಸಿಲ್ ಹಿಡಿದು ಹಲ್ಲು ಕಿರಿಯುತ್ತಿದ್ದಾನೆ. ಹೆಸರು ಹಾಕಿಲ್ಲ, ಅದು ತಮ್ಮ ದೊಡ್ಡತನ. ಅದು ನಾನೇ ಎಂದು ಈ ಬಹಿರಂಗ ಪತ್ರ ಅಚ್ಚಾಗುವ ತನಕ ಯಾರಿಗೂ ತಿಳಿಯುವಂತಿಲ್ಲ. ಆದರೆ ಆ ಮನುಷ್ಯನ ಕಿವಿ ಪಕ್ಕದ ಕೂದಲು ಒಂದು ಕಡೆ ಕಿವಿಯ ನಡುವಿಗೂ ಇನ್ನೊಂದು ಕಡೆ ಕಿವಿಯ ಬುಡಕ್ಕೂ ಇದೆಯಲ್ಲ, ಅದನ್ನು ಮಾಡಿದವನು ಯಾವ ಪುಣ್ಯಾತ್ಮ? ತಪ್ಪು ಮಂಡಿಗೆ ಬಾಣ ಬರೆದವನೆಂದು ಜನ ಆಡಿಕೊಳ್ಳಲಿ, ತಡೆದುಕೊಂಡೇನು. ಎರಡು ಕಡೆ ಸಮ ಕತ್ತರಿಸಲು ಬಾರದವನೆಂದು ಆಡಿಕೊಂಡರೆ ನಾನು ಅಂಗಡಿ ಬಾಗಿಲು ಹಾಕಬೇಕಾಗುತ್ತದೆ.

ಅದನ್ನೂ ನುಂಗಿಕೊಳ್ಳುತ್ತೇನೆ. ನುಂಗಲಾಗದ್ದು ಆ ಕ್ಯಾಂಟೀನಿನ ಮಾತು. ಎಡ ಮಂಡಿಯ ದಿನ ಗೊತ್ತುಮಾಡಲು ಹೋದಾಗ ವಾರ್ಡಿನ ಹಿರಿಯ ನರ್ಸು ‘ಆವತ್ತು ನೀವು ಕೆಳಗೇ ಕೂತಿರಿ, ಅವರನ್ನ ಒಳಗೆ ಕರ್ಕೊಂಡು ಹೋದ ಮೇಲೆ ಕರೀತೀವಿ’ ಎಂದರು. ಯಾರ ಅಪ್ಪಣೆ ಎಂದರೆ ‘ಸುರಕ್ಷತೆಗೆ’ ಎಂದು ನಕ್ಕರು. ಸುರಕ್ಷತೆ ಎಂದರೆ ತಾವಲ್ಲದೆ ಇನ್ಯಾರು? ಮಾನ್ಯರೇ, ಹೋದ ಸಲ ಗಾಲಿಮಂಚ ಹೊರಡುವ ತನಕ ಅವಳು ನನ್ನ ಹೆಬ್ಬೆರಳನ್ನು ಬಿಟ್ಟಿರಲಿಲ್ಲ. ಪಾಪ, ಹೆದರಿದ್ದಾಳೆ ಎಂದರು ಎಲ್ಲರೂ. ಹೆದರಿದ್ದವನು ನಾನು, ಅವಳು ಹಿಡಿದುಕೊಂಡಿದ್ದರಿಂದ ನಿಂತಿದ್ದೆ. ಈ ಸಲ ಕ್ಯಾಂಟೀನಿನಲ್ಲಿ ನನ್ನ ಹೆಬ್ಬೆರಳನ್ನು ಯಾರು ಹಿಡಿಯುತ್ತಾರೆ?

ಆದ್ದರಿಂದ ಕೈಮುಗಿದು ಕೇಳಿಕೊಳ್ಳುವುದೇನೆಂದರೆ, ಬೇಕಿದ್ದರೆ ನನ್ನ ಜೇಬು ತಡಕಿ, ಬೆರಳುಗಳಿಗೆಲ್ಲ ಬ್ಯಾಂಡೇಜು ಸುತ್ತಿ, ‘ಬಂಧು, ಅಪಾಯಕಾರಿ’ ಎಂಬ ಫಲಕವನ್ನು ಕೊರಳಿಗೆ ತಗುಲಿಸಿ, ಆದರೂ ಒಳಗೆ ಬಿಡಿ. ಆಗದಿದ್ದರೆ ಮಂಚದ ಬದಿಗೆ ಗೋಡೆಯುದ್ದದ ಒಂದು ಕನ್ನಡಿ ಹಾಕಿಸಿ. ಅದೂ ಆಗದಿದ್ದರೆ ಮನುಷ್ಯರು ಎದುರೆದುರು ನಿಲ್ಲುವುದನ್ನೇ ನಿಷೇಧಿಸಿ, ಎಲ್ಲರೂ ಇನ್ನೊಬ್ಬರ ಬೆನ್ನ ಹಿಂದೆ ನಿಂತೇ ಮಾತಾಡತಕ್ಕದ್ದೆಂದು ಸುತ್ತೋಲೆ ಹೊರಡಿಸಿ. ಪೋಸ್ಟರಿನವನನ್ನು ಒಂದು ಮಧ್ಯಾಹ್ನದ ಮಟ್ಟಿಗೆ ನನ್ನ ಅಂಗಡಿಗೆ ಕಳಿಸಿಕೊಡಿ, ಎರಡೂ ಕಡೆ ಸಮ ಮಾಡಿ ಕಳಿಸುತ್ತೇನೆ. ಹಾಗೆಯೇ ತಮ್ಮ ಪರೀಕ್ಷಕರೊಬ್ಬರು ಬಿಡುವು ಮಾಡಿಕೊಂಡು ನಮ್ಮ ಮನೆಗೆ ಬಂದು, ಚಹಾ ಕುಡಿಯಲು ಹುಟ್ಟಿದ ದಿನಾಂಕ ಬೇಕಿಲ್ಲವೆಂದು ನನ್ನ ಹೆಂಡತಿಗೆ ತಿಳಿಹೇಳಿದರೆ ಜನ್ಮವಿಡೀ ಅವರಿಗೆ ನನ್ನಲ್ಲಿ ಕ್ಷೌರ ಪುಕ್ಕಟೆ.

ಇಂತಿ, ಕನ್ನಡಿಯ ಮುಂದೆ ಮಾತ್ರ ಎಡಬಲ ಬಲ್ಲ
ತಮ್ಮ ವಿಶ್ವಾಸಿ,
ಬಸ್ ನಿಲ್ದಾಣದ ಹಿಂದಿನ ಕ್ಷೌರಿಕ

ವಿ.ಸೂ.: ಪತ್ರಿಕೆಗೆ ಕಳಿಸುವ ಮೊದಲು ಇದನ್ನು ಹೆಂಡತಿಗೆ ಓದಿ ಹೇಳಿದೆ. ಹೆಬ್ಬೆರಳಿನ ಭಾಗ ಬಂದಾಗ ಕಣ್ಣೊರೆಸಿಕೊಂಡಳು. ನಕ್ಕು ನಕ್ಕು ನೀರು ಬಂದದ್ದೆಂದು ಆಮೇಲೆ ಗೊತ್ತಾಯಿತು. ನನ್ನನ್ನು ಕ್ಯಾಂಟೀನಿಗೆ ಅಟ್ಟಿದ್ದು ತಮ್ಮ ಮಂಡಳಿಯಲ್ಲವಂತೆ, ‘ಇವರನ್ನ ಆ ಹೊತ್ತಿಗೆ ಕೆಳಗೆಲ್ಲಾದ್ರೂ ಕೂರಿಸಿ ಸಿಸ್ಟರ್’ ಎಂದು ಹಿರಿಯ ನರ್ಸಿನ ಕಿವಿಯಲ್ಲಿ ಊದಿದ್ದು ಇವಳೇ ಅಂತೆ. ಊರಿಗೆ ಊರೇ ನನ್ನ ಕತ್ತಿಗೆ ಕುತ್ತಿಗೆ ಕೊಟ್ಟು ಕಣ್ಣುಮುಚ್ಚಿ ಕೂರುತ್ತದೆ, ಮನೆಯವಳು ಒಂದು ಪೆನ್ಸಿಲ್ಲಿಗೆ ಹೆದರಿದಳು. ಆದ್ದರಿಂದ ತಮ್ಮ ಮೇಲಿನ ದೂರನ್ನು ಹಿಂದಕ್ಕೆ ಪಡೆದಿದ್ದೇನೆ, ಪೋಸ್ಟರಿನ ಕೂದಲಿನದ್ದೊಂದು ಹಾಗೇ ಇರಲಿ. ಬಹಳ ಗೋಗರೆದ ಮೇಲೆ, ಆ ಬೆಳಿಗ್ಗೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೆಬ್ಬೆರಳು ಹಿಡಿದುಕೊಳ್ಳಲು ಅವಳು ಒಪ್ಪಿದ್ದಾಳೆ, ಯಾರು ಏನು ಕೇಳಿದರೂ ನಾನು ಬಾಯಿ ಬಿಡಕೂಡದೆಂಬ ಷರತ್ತಿನ ಮೇಲೆ. ಮಾತು ಕೊಟ್ಟಿದ್ದೇನೆ. ಆದಕಾರಣ ತಮ್ಮವರು ಯಾರಾದರೂ ಬಂದು ಯಾವ ಕಾಲು ಎಂದು ಕೇಳುವುದಿದ್ದರೆ, ದಯಮಾಡಿ ನನ್ನ ಮುಖ ನೋಡಬೇಡಿ.